ಭಾವನ ವಾಲ್ವು, ಸುಶೀಲಮ್ಮನ ಅಕ್ಷರ

ಮೌಂಟ್ ಆಲ್ಬರ್ಟಿನಲ್ಲಿ ಮನೆ ಕೊಳ್ಳುವಾಗ ನಮ್ಮಕ್ಕ ಚಂದ್ರಿಕಾ ನೋಡಿದ್ದು ಅಡುಗೆಮನೆ, ಬಚ್ಚಲು, ಬಿಸಿಲು ಯಾವ ಕಡೆಯಿಂದ ಬರುತ್ತದೆ ಅನ್ನುವುದನ್ನು. ಭಾವ ಹರಿಪ್ರಸಾದರು ನೋಡಿದ್ದು ಹಾಟ್ ವಾಟರ್ ಕಬೋರ್ಡನ್ನು. ಬಿಸಿನೀರಿನ ದೊಡ್ಡ ಹಂಡೆ ನಿಲ್ಲಿಸಿರುವ ಗೋಡೆಕಪಾಟು ಅದು. ಆಕ್ಲೆಂಡಿನ ತೇವದಲ್ಲಿ ಟವೆಲು, ಹಾಸಿಗೆ ಬಟ್ಟೆ ಬೆಚ್ಚಗಿರಲಿ ಎಂದು ಹಂಡೆಯ ಮೇಲೆ ಹಲಗೆಗಳನ್ನು ಹೊಡೆದಿರುತ್ತಾರೆ. ಗೃಹಪ್ರವೇಶದ ಹಾಲು ಉಕ್ಕಿಸಿದ ವಾರದಲ್ಲೇ ಅಕ್ಕನ ಟವೆಲುಗಳು ಅಲ್ಲಿಂದ ಜಾಗ ಖಾಲಿ ಮಾಡಿದವು, ಭಾವನ ವಾಲ್ವುಗಳು ಬಂದು ಕೂತವು.

ವಾಲ್ವು ಅಂದರೆ ನೀರಿನ ನಲ್ಲಿಯದಲ್ಲ. ಟ್ರಾನ್ಸಿಸ್ಟರ್ ಬರುವ ಮೊದಲು ರೇಡಿಯೋ, ಆಂಪ್ಲಿಫೈಯರುಗಳ ಒಳಗೆ ಇರುತ್ತಿದ್ದ ಗಾಜಿನ ಬುರುಡೆ. ಒಳಗೆ ತಗಡು, ತಂತಿ. ಕರೆಂಟು ಕೊಟ್ಟರೆ ಸಣ್ಣಗೆ ಕೆಂಪಗಾಗುತ್ತದೆ. ಅದರಲ್ಲಿ ಹಾದು ಬಂದ ಹಾಡಿಗೆ ಒಂದು ಬೇರೆಯೇ ಮೃದುತನ ಇರುತ್ತದಂತೆ. ಹಳೆಯ ಕಂಪನಿಗಳು ಮುಚ್ಚಿಹೋಗಿವೆ, ಅವು ಮಾಡಿಟ್ಟುಹೋದ ಮಾಲು ವರ್ಷದಿಂದ ವರ್ಷಕ್ಕೆ ಕಮ್ಮಿಯಾಗುತ್ತಿದೆ, ಆದ್ದರಿಂದ ಬೆಲೆ ಏರುತ್ತಲೇ ಇರುತ್ತದೆ ಎಂದು ಭಾವ ಹೇಳುತ್ತಿದ್ದರು. ಅಕ್ಕ ಮುಖ ಗಂಟು ಹಾಕಿಕೊಂಡಾಗ ಅದು ‘ಇನ್ವೆಸ್ಟ್‌ಮೆಂಟ್’ ಆಗುತ್ತಿತ್ತು. ನೆಂಟರು ಬಂದಾಗ ‘ಸಂಗೀತ’ ಆಗುತ್ತಿತ್ತು.

ನಾನು ಚಂದ್ರಿಕಾಳ ತಮ್ಮ ಚೇತನ್. ಅವರ ಮನೆಯ ಹಿತ್ತಲಿನ ಒಂಟಿ ಕೋಣೆಯಲ್ಲಿ ಇದ್ದೇನೆ. ಊಟ ಅಕ್ಕನ ಮನೆಯಲ್ಲೇ ಆದ್ದರಿಂದ ಭಾವನ ಸಂಗೀತವೂ ಊಟದ ಜೊತೆ ಬರುತ್ತಿತ್ತು. ಭಾನುವಾರ ಯಾರಾದರೂ ಬಂದರೆ ಅವರನ್ನು ಸೋಫಾದ ಸರಿಯಾಗಿ ನಡುವೆ ಕೂರಿಸಿ, ಕಣ್ಣು ಮುಚ್ಚಿಸಿ, ಒಂದು ವಾಲ್ವು ತೆಗೆದು ಇನ್ನೊಂದು ಹಾಕಿ, “ಈಗ ಕೇಳಿ, ವೀಣೆ ಮೀಟಿದ್ಮೇಲೆ ಉಳಿಯುತ್ತಲ್ಲ ಆ ನಾದ, ಅದು ನಿಮ್ಮ ಎಡಗಿವಿ ಹಿಂದಕ್ಕೆ ಹೋಯ್ತಾ?” ಎನ್ನುತ್ತಿದ್ದರು. ಬಂದವರು ಪಾಪ, “ಹೋಯ್ತು ಹೋಯ್ತು” ಎನ್ನುತ್ತಿದ್ದರು. ನನ್ನ ಎಡಗಿವಿಗೆ ಕೇಳಿಸುತ್ತಿದ್ದುದು ಪಕ್ಕದ ಮನೆಯ ಲಾನ್ ಮೋವರ್ ಒಂದೇ. ಇಷ್ಟಾಗಿಯೂ ಇರುವುದರಲ್ಲೇ ಒಳ್ಳೆಯ ವಾಲ್ವುಗಳನ್ನು ಅವರು ಹಾಕುತ್ತಲೇ ಇರಲಿಲ್ಲ. ಉರಿಸಿದಷ್ಟೂ ಅವುಗಳ ಆಯಸ್ಸು ಕಡಿಮೆ. ಅವು ಹುಟ್ಟಿದ ಡಬ್ಬಿಯಲ್ಲೇ ಬೆಚ್ಚಗೆ ಮಲಗಿರುತ್ತಿದ್ದವು. ಭಾವ ಬೆಳಿಗ್ಗೆ ಕಪಾಟು ತೆಗೆದು ಒಂದು ನಿಮಿಷ ಸುಮ್ಮನೆ ನಿಂತು ನೋಡಿ, ಬಾಗಿಲು ಹಾಕಿ ಕೆಲಸಕ್ಕೆ ಹೋಗುತ್ತಿದ್ದರು.

ಒಳ್ಳೆಯ ಮನುಷ್ಯ ನಮ್ಮ ಭಾವ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಹೇಳಲಿರುವುದಕ್ಕೆ ನನಗೇ ನಾಚಿಕೆಯಾಗುತ್ತದೆ. ಇದೇ ಊರಿನ ಒಂದು ಕಂಪನಿಯಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರು. ಯಾರ ಮನೆಯ ಫ್ಯೂಸು ಹೋದರೂ ಟಾರ್ಚು ಹಿಡಿದು ಹೊರಡುವವರು. ಆದರೆ ವಾಲ್ವಿನ ವಿಷಯ ಬಂದರೆ ಅವರಿಗೆ ಒಂದು ಠೀವಿ ಬರುತ್ತಿತ್ತು. ಎಲ್ಲರೂ ಒಂದೊಂದು ಅಡುಗೆ ತರುವ ಕನ್ನಡ ಕೂಟದ ಪಾಟ್‌ಲಕ್ಕಿನಲ್ಲಿ ಬಿಸಿಬೇಳೆಬಾತಿನ ತಟ್ಟೆ ಹಿಡಿದುಕೊಂಡೇ, “ಕಂಪನಿ ಹೆಸರು ನೋಡೋ ಅಗತ್ಯವೇ ಇಲ್ಲ ಕಣ್ರೀ, ಒಳಗಿನ ತಗಡು ನೋಡಿದ್ರೆ ಗೊತ್ತಾಗುತ್ತೆ. ಅದೂ ಬೇಡ, ನಂಗೆ ಕಿವಿ ಸಾಕು” ಎಂದು ಹತ್ತು ಜನರ ಮುಂದೆ ಹೇಳಿದ್ದರು.

ಆ ಹತ್ತು ಜನರಲ್ಲಿ ವಜೀರ್ ಭಾಯ್ ಇದ್ದರು. ದಾವಣಗೆರೆಯವರು, ಇಲ್ಲಿ ಟೈರ್ ಅಂಗಡಿ ಇಟ್ಟಿದ್ದಾರೆ. ಅಕ್ಕ ಭಾವ ಈ ದೇಶಕ್ಕೆ ಹೊಸದಾಗಿ ಬಂದು ಖಾಲಿ ಮನೆಯಲ್ಲಿ ನೆಲದ ಮೇಲೆ ಮಲಗುತ್ತಿದ್ದಾಗ, ತಮ್ಮ ಯೂಟ್ ಗಾಡಿಯ ಹಿಂದೆ ಮಂಚ, ಮೇಜು ಹೇರಿಕೊಂಡು ಬಂದು ತಾವೇ ಇಳಿಸಿಕೊಟ್ಟವರು. ಅವರ ಮನೆಯಲ್ಲಿ ಒಂದು ಹಳೆಯ ವಾಲ್ವು ಆಂಪ್ಲಿಫೈಯರ್ ಇತ್ತು. ಭಾನುವಾರ ಅಂಗಡಿ ಮುಚ್ಚಿ ಬಂದು ಖವ್ವಾಲಿ ಕೇಳುವುದೊಂದೇ ಅವರ ಶೋಕಿ.

“ಹರಿ ಸರ್, ನನ್ನ ಮಷೀನು ಈಗೀಗ ಕೆಮ್ಮಾಕ ಹತ್ತೈತಿ. ನಾಕು ವಾಲ್ವು ಹೊಸಾವು ಬೇಕಂತ. ನೀವು ಯಾವ್ದು ಕೊಡ್ತೀರೋ ಅದು” ಎಂದು ಅವರು ಅಂದೇ ಕೇಳಿದ್ದರು.

“ನಿಮಗೆ ಅಂತ ನನ್ನ ಹತ್ರ ಇರೋದ್ರಲ್ಲೇ ಬೆಸ್ಟ್ ಸೆಟ್ಟು ಕೊಡ್ತೀನಿ ವಜೀರ್ ಭಾಯ್. ಅಮೆರಿಕದ್ದು. ಇನ್ನು ಸಿಗಲ್ಲ” ಎಂದು ಭಾವ ಎಲ್ಲರಿಗೂ ಕೇಳಿಸುವಂತೆ ಮಾತು ಕೊಟ್ಟರು.

ಅದೇ ವರ್ಷ ಭಾವನ ತಾಯಿ ಸುಶೀಲಮ್ಮ ನಂಜನಗೂಡಿನಿಂದ ಬಂದರು. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಡಂ ಆಗಿದ್ದು ನಿವೃತ್ತರಾದವರು. ಶಾಲೆಯ ಬಹುಮಾನ ಪತ್ರಗಳ ಮೇಲೆ ಹೆಸರು ಬರೆಯುವುದು ಅಷ್ಟೂ ವರ್ಷ ಅವರದೇ ಕೆಲಸವಾಗಿತ್ತು, ಅಷ್ಟು ಚೆಂದದ ಅಕ್ಷರ. ಅವರ ಬಗ್ಗೆ ಭಾವ ಬಂದವರಿಗೆಲ್ಲ ಒಂದು ಕತೆ ಹೇಳುತ್ತಿದ್ದರು. ಒಂದು ಸಲ ಸ್ಪೋರ್ಟ್ಸ್ ಡೇ ಆದ ಮೇಲೆ ಹೆಡ್‌ಮಾಸ್ತರು, ಶಾಲಾ ಸಮಿತಿಯ ಅಧ್ಯಕ್ಷರ ಮೊಮ್ಮಗನ ಹೆಸರನ್ನು ಓಟದ ಮೊದಲ ಬಹುಮಾನಕ್ಕೆ ಬರೆಯಲು ಹೇಳಿದರಂತೆ. ಆ ಹುಡುಗ ಅವತ್ತು ಮರದ ಕೆಳಗೆ ಕೂತು ಐಸ್ ಕ್ಯಾಂಡಿ ಚೀಪುತ್ತಿದ್ದುದನ್ನು ಈಕೆ ಕಂಡಿದ್ದರು. ಬಹುಮಾನ ಪತ್ರವನ್ನು ಖಾಲಿಯಾಗಿಯೇ ಮೇಜಿನ ಮೇಲಿಟ್ಟು, “ಓಡಿದ ಹುಡುಗನ ಹೆಸರು ಹೇಳಿ ಸಾರ್, ಬರೀತೀನಿ” ಎಂದರಂತೆ. ಈ ಮಾತು ಹೇಳುವಾಗ ಭಾವನ ಧ್ವನಿಯೇ ಬೇರೆಯಾಗುತ್ತಿತ್ತು. ಸುಶೀಲಮ್ಮ ಮಾತ್ರ, “ಸಾಕು ಸುಮ್ನಿರೋ, ಅದೇನು ದೊಡ್ಡ ವಿಷ್ಯ” ಎಂದು ಒಳಗೆ ಹೋಗುತ್ತಿದ್ದರು.

ಮೌಂಟ್ ಆಲ್ಬರ್ಟಿನಲ್ಲಿ ಅವರಿಗೆ ಕೈತುಂಬ ಹೊತ್ತು, ಮಾಡಲು ಕೆಲಸವಿಲ್ಲ. ಪಾತ್ರೆಗೆ ಡಿಶ್‌ವಾಷರ್, ಮಾತಿಗೆ ಯಾರೂ ಇಲ್ಲ. ನವರಾತ್ರಿ ಬಂದಾಗ ಪಾಪ, ಜೀವ ಬಂದಂತಾಯಿತು. ಆಯುಧಪೂಜೆಯ ಹಿಂದಿನ ದಿನದಿಂದಲೇ ಮನೆಯಲ್ಲಿದ್ದ ಕಬ್ಬಿಣ, ಸ್ಟೀಲು ಎಲ್ಲವನ್ನೂ ತೊಳೆಯಲು ನಿಂತರು. ಕಾರು, ನನ್ನ ಸೈಕಲ್ಲು, ಮಿಕ್ಸಿ, ಲಾನ್ ಮೋವರ್, ಭಾವನ ಡ್ರಿಲ್ಲು ಯಾವುದನ್ನೂ ಬಿಡಲಿಲ್ಲ. ಹಿತ್ತಲಿನ ಗಿಡದಿಂದ ಕಾರಿನ ಚಕ್ರಕ್ಕಿಡಲು ನಿಂಬೆಹಣ್ಣು ಕಿತ್ತಿಟ್ಟರು.

ಪೂಜೆಯ ದಿನ ಭಾವ ಆಫೀಸಿನಿಂದ ಬೇಗ ಬಂದರು. ದೇವರ ಮುಂದೆ ದೊಡ್ಡ ಬೆಳ್ಳಿ ತಟ್ಟೆ, ಅದರ ಆಚೀಚೆ ಸ್ಟೀಲಿನ ತಟ್ಟೆಗಳು, ತಟ್ಟೆಗಳ ತುಂಬ ವಾಲ್ವುಗಳು. ಒಂದೊಂದರ ನೆತ್ತಿಯ ಮೇಲೂ ಗಂಧದ ಬೊಟ್ಟು, ಕುಂಕುಮ. ಗಾಜು ಫಳಫಳ ಹೊಳೆಯುತ್ತಿತ್ತು.

“ಬೆಳಗಾದ್ರೆ ನೀನು ಇವುಗಳ ಮುಂದೆ ಕೈಮುಗಿಯೋ ಹಾಗೆ ನಿಂತ್ಕೋತೀಯಲ್ಲ, ಅದಕ್ಕಿಂತ ಆಯುಧ ಬೇಕಾ ನಿಂಗೆ?” ಎಂದರು ಸುಶೀಲಮ್ಮ. “ಎಷ್ಟು ಕೊಳೆ ಹಿಡಿದಿತ್ತು ಗೊತ್ತಾ! ಪಂಚೆ ತುಂಡು ಒದ್ದೆ ಮಾಡ್ಕೊಂಡು ಒಂದೊಂದನ್ನೇ ಒರೆಸಿದೀನಿ. ಒಂದೂ ಒಡೀಲಿಲ್ಲ ನೋಡು.”

ಒಂದೂ ಒಡೆದಿರಲಿಲ್ಲ, ನಿಜ. ಆದರೆ ಹಳೆಯ ವಾಲ್ವಿನ ಮೇಲೆ ಕಂಪನಿಯ ಹೆಸರು, ನಂಬರು ಗಾಜಿನ ಮೇಲಿನ ಬರೀ ಶಾಯಿ. ಒದ್ದೆ ಬೆರಳು ತಾಗಿದರೂ ಎದ್ದುಬರುತ್ತದೆ. ಅದಕ್ಕೇ ಭಾವ ಅವನ್ನು ಹಿಡಿಯುವಾಗ ಕೆಳಗಿನ ಕಪ್ಪು ಬುಡವನ್ನೇ ಹಿಡಿಯುತ್ತಿದ್ದರು. ಈಗ ಒಂದರ ಮೇಲೂ ಒಂದಕ್ಷರ ಉಳಿದಿರಲಿಲ್ಲ. ಡಬ್ಬಿಗಳನ್ನು ಸುಶೀಲಮ್ಮ ಒಪ್ಪವಾಗಿ ಬೇರೆ ಕಡೆ ಜೋಡಿಸಿಟ್ಟಿದ್ದರು. ಯಾವ ವಾಲ್ವು ಯಾವ ಡಬ್ಬಿಯದು ಎನ್ನುವುದು ಇನ್ನು ಯಾರಿಗೂ ಗೊತ್ತಿಲ್ಲ. ಅಕ್ಷರವಿಲ್ಲದ ವಾಲ್ವಿಗೆ ಪೇಟೆಯಲ್ಲಿ ಬೆಲೆಯೂ ಇಲ್ಲ.

ಭಾವನ ಮುಖ ಬಿಳಿಚಿತು. ಅಕ್ಕ ನನ್ನ ತೋಳು ಹಿಡಿದುಕೊಂಡಳು. ಭಾವ ಹಿತ್ತಲಿಗೆ ಹೋಗಿ ನಿಂಬೆಗಿಡದ ಹತ್ತಿರ ಸ್ವಲ್ಪ ಹೊತ್ತು ಬೆನ್ನು ತಿರುಗಿಸಿ ನಿಂತರು. ವಾಪಸು ಬಂದು, “ಚೆನ್ನಾಗಿ ಮಾಡಿದೀಯಮ್ಮ” ಎಂದು ಮಂಗಳಾರತಿ ತೆಗೆದುಕೊಂಡರು. ಇದುವರೆಗೆ ಭಾವನನ್ನು ಗೇಲಿ ಮಾಡಿಕೊಂಡೇ ಬಂದಿದ್ದ ನನಗೆ ಅಂದು ಅವರ ಕಾಲು ಮುಟ್ಟಬೇಕು ಅನ್ನಿಸಿತು. ತಾಯಿಗೆ ಯಾರೂ ಏನೂ ಹೇಳಕೂಡದು ಎಂದು ಅಕ್ಕನಿಗೂ ನನಗೂ ತಾಕೀತು ಮಾಡಿದರು. ಅಕ್ಕ ಅಡುಗೆಮನೆಯಲ್ಲಿ ಕಣ್ಣೊರೆಸಿಕೊಂಡಳು.

ಅಲ್ಲಿಗೆ ನಿಂತಿದ್ದರೆ ಎಷ್ಟು ಚೆನ್ನಾಗಿತ್ತು.

ಆದರೆ ವಜೀರ್ ಭಾಯ್‌ಗೆ ಮಾತು ಕೊಟ್ಟಾಗಿತ್ತು, ಅವರು ಬಂದು ಒಯ್ಯುತ್ತೇನೆಂದಿದ್ದ ಭಾನುವಾರವೂ ಹತ್ತಿರವಾಗುತ್ತಿತ್ತು. ಒಂದು ಶನಿವಾರ ಮಧ್ಯಾಹ್ನ ಅಕ್ಕ ಅತ್ತೆಯನ್ನು ಕರೆದುಕೊಂಡು ಅಂಗಡಿಗೆ ಹೋದಾಗ ಭಾವ ನನ್ನನ್ನು ಕೂಗಿದರು. ಒಂದೇ ಆಕಾರದ ವಾಲ್ವುಗಳನ್ನೆಲ್ಲ ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿದ್ದರು. ಒಳ್ಳೆಯ ಅಮೆರಿಕದವು ಅದರಲ್ಲೇ ಎಲ್ಲೋ ಇದ್ದವು, ಸಾಧಾರಣದವೂ ಅದರಲ್ಲೇ ಇದ್ದವು. ಮೊದಲು ಕನ್ನಡಕ ಹಾಕಿಕೊಂಡು ಒಳಗಿನ ತಗಡು ನೋಡಿದರು. ಆಮೇಲೆ ಕನ್ನಡಕ ತೆಗೆದು ನೋಡಿದರು. ಕೊನೆಗೆ, “ಕೇಳಿದ್ರೆ ಗೊತ್ತಾಗುತ್ತೆ” ಎಂದು ಆಂಪ್ಲಿಫೈಯರಿಗೆ ಬೆನ್ನು ಹಾಕಿ ಕೂತರು. ನಾನು ಒಂದೊಂದಾಗಿ ಬದಲಾಯಿಸಬೇಕು, ಅವರು ಕೇಳಿ ಹೇಳಬೇಕು. ಬಿಸಿ ವಾಲ್ವು ತೆಗೆಯಲು ನನಗೆ ಅಕ್ಕನ ಓವನ್ ಗ್ಲೌಸು.

“ಇದು. ಇದೇ. ಆ ವೀಣೆ ನೋಡು, ಉಸಿರಾಡ್ತಿದೆ” ಎಂದರು ಒಂದಕ್ಕೆ. ಮುಂದಿನದಕ್ಕೆ, “ಛೆ, ಇದಲ್ಲ, ತಗಡು ಬಡಿದ ಹಾಗಿದೆ” ಎಂದರು.

ಎರಡು ಸಲವೂ ಇದ್ದದ್ದು ಅದೇ ವಾಲ್ವು. ನಾನು ಅದನ್ನು ತೆಗೆದು ಮತ್ತೆ ಅದನ್ನೇ ಸಿಕ್ಕಿಸಿದ್ದೆ. ಬೇಕಂತಲೇ ಕೀಟಲೆಗೆ ಮಾಡಿದ್ದು. ನಗಲು ಬಾಯಿ ತೆರೆದವನು ಭಾವ ತಿರುಗಿ ನೋಡಿದಾಗ ಬಾಯಿ ಮುಚ್ಚಿಕೊಂಡೆ. ಮೇಜಿನ ಮೇಲೆ ಮೊದಲಿನ ಒಂದು ಜಾಗ ಬಿಟ್ಟರೆ ಇನ್ನೊಂದು ಖಾಲಿಯಾಗಿಲ್ಲ ಎನ್ನುವುದು ಅವರ ಕಣ್ಣಿಗೆ ಬಿದ್ದಿತ್ತು. ಇಷ್ಟು ವರ್ಷ ತಾನು ಕೇಳಿದ್ದೇನು ಎಂದು ಅವರು ಆ ಕ್ಷಣ ತಮ್ಮನ್ನೇ ಕೇಳಿಕೊಂಡಿರಬೇಕು. ಮುಖ ಕುತ್ತಿಗೆಯವರೆಗೂ ಕೆಂಪಾಯಿತು. “ಸಾಕು, ನೀನು ಹೋಗು” ಎಂದರು.

ಮಾರನೆಯ ದಿನ ನಾನು ತಿಂಡಿಗೆ ಬಂದರೆ ಊಟದ ಮೇಜಿನ ಮೇಲೆ ಪೇಪರು ಹಾಸಿ ಸುಶೀಲಮ್ಮ ಕೂತಿದ್ದಾರೆ. ಮುಂದೆ ನಾಲ್ಕು ವಾಲ್ವು, ಬಿಳಿ ಬಣ್ಣದ ಪುಟ್ಟ ಶೀಶೆ, ಕೂದಲೆಳೆಯ ಬ್ರಷ್ಷು. ಎದುರಿಗೆ ಅಮೆರಿಕದ ಡಬ್ಬಿ. ಅದನ್ನು ನೋಡಿಕೊಂಡು ಗಾಜಿನ ಮೇಲೆ ಕಂಪನಿಯ ಹೆಸರು, ಪಕ್ಕದಲ್ಲೊಂದು ಪುಟ್ಟ ಕಿರೀಟ, ಕೆಳಗೆ ನಂಬರು ಬರೆಯುತ್ತಿದ್ದಾರೆ. ಉಸಿರು ಬಿಗಿಹಿಡಿದು ಒಂದು ಅಕ್ಷರ, ಉಸಿರು ಬಿಟ್ಟು ನಗು. ಈ ಊರಿಗೆ ಬಂದ ಮೇಲೆ ಅವರ ಮುಖ ಅಷ್ಟು ಅರಳಿದ್ದನ್ನು ನಾನು ನೋಡಿರಲಿಲ್ಲ.

“ಹಳೇ ಅಕ್ಷರ ಮಾಸಿಹೋಗಿದೆಯಂತೆ ಕಣೋ ಚೇತನ್, ತಿದ್ದಿಕೊಡಮ್ಮ ಅಂದ. ನನ್ನ ಕೈಗೂ ಒಂದು ಕೆಲಸ ಬಂತಲ್ಲ ಈ ಊರಲ್ಲಿ!”

ಅಕ್ಕ ಭಾವನನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು. “ರೀ, ಏನ್ರೀ ಇದು? ಅವರ ಕೈಲಿ ಇಂಥಾದ್ದು ಮಾಡಿಸ್ತೀರಾ?”

“ಇದ್ದಿದ್ದನ್ನೇ ಬರೆಸ್ತಿದೀನಿ ಚಂದ್ರಿಕಾ. ಅಳಿಸಿಹೋಗಿದ್ದನ್ನ ವಾಪಸ್ ಬರೆದ್ರೆ ಸುಳ್ಳು ಹೇಗಾಗುತ್ತೆ?”

“ಭಾವ, ಯಾವುದು ಯಾವುದು ಅಂತ ಗೊತ್ತಾಯ್ತಾ?” ಎಂದೆ ನಾನು.

“ಗೊತ್ತಾಯ್ತು” ಎಂದರು. ನನ್ನ ಕಡೆ ನೋಡಲಿಲ್ಲ. ಸಿಂಕಿನ ನಲ್ಲಿ ತಿರುಗಿಸಿ ತೊಳೆದಿದ್ದ ಲೋಟವನ್ನೇ ಮತ್ತೆ ತೊಳೆದರು.

ನನಗೆ ಸಿಟ್ಟು ಬಂತು. ವಜೀರ್ ಭಾಯ್‌ಗೆ ಫೋನು ಮಾಡಿ, ಹೀಗೆ ಅಳಿಸಿಹೋಯಿತು, ನನಗೂ ಗುರುತು ಸಿಗುತ್ತಿಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಆ ಎರಡನೆಯ ಮಾತನ್ನು ಹೇಳಲು ಭಾವನಿಂದ ಆಗಲಿಲ್ಲ. ಹತ್ತು ಜನರ ಮುಂದೆ “ನಂಗೆ ಕಿವಿ ಸಾಕು” ಅಂದವರಲ್ಲವೇ.

ಮುಂದಿನ ಭಾನುವಾರ ಸಂಜೆಯ ಕಾಫಿ ಹೊತ್ತಿಗೆ ವಜೀರ್ ಭಾಯ್ ಬಂದರು. ಹೆಂಡತಿ ಖದೀಜಾ ಕೊಟ್ಟುಕಳಿಸಿದ್ದ ಕರ್ಜಿಕಾಯಿಯ ಡಬ್ಬಿ ಕೈಯಲ್ಲಿ. ವಾಲ್ವಿನ ಸುದ್ದಿ ಎತ್ತದೆ ಮೊದಲು ಸುಶೀಲಮ್ಮನ ಪಕ್ಕ ಕೂತು, “ಅಮ್ಮಾರ, ಥಂಡಿ ಹೊಂದಿಕೊಂತಾ? ನಮ್ಮ ತಾಯಿ ಬಂದಾಗ ಮೂರು ಸ್ವೆಟರ್ ಹಾಕ್ಕೊಂಡು ಕುಂದರ್ತಿದ್ಲು” ಎಂದು ಮಾತಿಗೆ ಇಳಿದರು. ಸುಶೀಲಮ್ಮನಿಗೆ ಕನ್ನಡ ಮಾತಾಡುವ ಹೊಸ ಮುಖ ಸಿಕ್ಕಿದ್ದೇ ದೊಡ್ಡ ಹಬ್ಬ. ನಂಜನಗೂಡು, ದಾವಣಗೆರೆ, ಶಾಲೆ, ಸೊಸೆ ಎಲ್ಲ ಬಂದುಹೋಯಿತು.

ಭಾವ ನಾಲ್ಕು ಡಬ್ಬಿ ತಂದು ಟೀಪಾಯಿಯ ಮೇಲಿಟ್ಟರು. “ಹೇಳಿದ್ನಲ್ಲ, ಅದೇ ಸೆಟ್ಟು” ಎಂದರು. ಅವರ ಧ್ವನಿ ಸಣ್ಣದಾಗಿತ್ತು.

ವಜೀರ್ ಭಾಯ್ ಕೈ ಒರೆಸಿಕೊಂಡು ಒಂದನ್ನು ಎತ್ತಿ ಬೆಳಕಿಗೆ ಹಿಡಿದರು. “ನಮ್ಮಪ್ಪನ ವಯಸ್ಸಿನ ಮಾಲು. ಆದ್ರೂ ಅಕ್ಷರ ನೋಡ್ರಿ, ನಿನ್ನೆ ಬರ್ದಂಗ ಐತಿ.”

ಸುಶೀಲಮ್ಮನಿಗೆ ತಡೆಯಲಾಗಲಿಲ್ಲ. “ಮೊನ್ನೆ ಬರೆದಿದ್ದು! ನಾನೇ ಬರೆದೆ” ಎಂದರು. “ಪೂರ್ತಿ ಅಳಿಸಿಹೋಗಿತ್ತು. ಈ ಡಬ್ಬಿ ನೋಡ್ಕೊಂಡು ಬರೆಯಮ್ಮ ಅಂದ ಹರಿ. ಆ ಕಿರೀಟ ಇದೆಯಲ್ಲ, ಅದಕ್ಕೇ ಅರ್ಧ ದಿನ ಹಿಡೀತು. ಇರಿ, ಬ್ರಷ್ ತೋರಿಸ್ತೀನಿ.” ಎದ್ದು ಒಳಗೆ ಹೋದರು.

ಆ ಕೋಣೆಯಲ್ಲಿ ನಾವು ನಾಲ್ವರು ಉಳಿದೆವು. ವಜೀರ್ ಭಾಯ್ ಭಾವನ ಮುಖ ನೋಡಿದರು. ಭಾವ ಕಾರ್ಪೆಟ್ಟು ನೋಡುತ್ತಿದ್ದರು. ಅಕ್ಕ ಕಾಫಿಯ ಟ್ರೇ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ನನಗೆ ನೆಲ ಬಾಯಿಬಿಟ್ಟರೆ ಸಾಕು ಅನ್ನಿಸಿತು. ವಜೀರ್ ಭಾಯ್ ವಾಲ್ವನ್ನು ಮೆಲ್ಲಗೆ ಅದರ ಡಬ್ಬಿಯೊಳಗೆ ಮಲಗಿಸಿ ಮುಚ್ಚಳ ಹಾಕಿದರು.

ಸುಶೀಲಮ್ಮ ಬ್ರಷ್ಷು ತಂದು ತೋರಿಸಿದರು. ವಜೀರ್ ಭಾಯ್ ಅದನ್ನು ಕೈಯಲ್ಲಿ ಹಿಡಿದು, “ಭಾಳ ಚೆಂದ ಕೈ ಐತಿ ಅಮ್ಮಾರ ನಿಮ್ದು” ಎಂದರು. ಅದರಲ್ಲಿ ಕೊಂಕಿರಲಿಲ್ಲ. ಕಾಫಿ ಪೂರ್ತಿ ಕುಡಿದರು. ಸುಶೀಲಮ್ಮನ ಸ್ಪೋರ್ಟ್ಸ್ ಡೇ ಕತೆಯನ್ನು ಭಾವ ಅವರಿಗೂ ಹಿಂದೊಮ್ಮೆ ಹೇಳಿದ್ದರು. ದೇವರ ದಯೆ, ಅವತ್ತು ಅದರ ಮಾತು ಬರಲಿಲ್ಲ. ಏಳುವಾಗ, “ವಾಲ್ವು ಇಲ್ಲೇ ಇರ್ಲಿ” ಎಂದಷ್ಟೇ ಹೇಳಿದರು.

ಬಾಗಿಲಲ್ಲಿ ಶೂ ಹಾಕಿಕೊಳ್ಳುತ್ತ ತಗ್ಗಿದ ದನಿಯಲ್ಲಿ ಭಾವನಿಗೆ ಹೇಳಿದರು: “ಹರಿ ಸರ್, ಕಂಪನಿ ಹೆಸರು ಓದಾಕ ನನಗ ಚಸ್ಮಾನೇ ಬೇಕು. ನೀವು ಬರೇ ಗಾಜು ಕೊಟ್ಟಿದ್ರೂ ಕಣ್ಮುಚ್ಚಿ ಒಯ್ತಿದ್ದೆ. ತಾಯಿ ಕೈಲಿ ಯಾಕ್ ಬರೆಸಿದ್ರಿ?”

ಯೂಟ್ ಗಾಡಿ ಡ್ರೈವ್‌ವೇಯಿಂದ ಹಿಂದಕ್ಕೆ ಸರಿದು ಹೋಯಿತು.

ಒಳಗೆ ಸುಶೀಲಮ್ಮ ಟೀಪಾಯಿಯ ಮುಂದೆ ಬ್ರಷ್ಷು ಹಿಡಿದು ನಿಂತೇ ಇದ್ದರು. “ಯಾಕೋ ಬಿಟ್ಟುಹೋದ್ರು? ನಾನೇನಾದ್ರೂ ಮಾತಾಡಬಾರದ್ದು ಮಾತಾಡಿದ್ನಾ?”

“ಇಲ್ಲಮ್ಮ, ಇನ್ನೊಂದ್ ದಿನ ಬಂದು...” ಎಂದು ಭಾವ ಶುರುಮಾಡಿದರು. ಅಷ್ಟರಲ್ಲಿ ಅವರ ಕಣ್ಣು ನನ್ನ ಮೇಲೆ ಬಿತ್ತು, ಅಕ್ಕನ ಮೇಲೆ ಬಿತ್ತು. ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ಆಯುಧಪೂಜೆಯ ಪಂಚೆ ತುಂಡಿನಿಂದ ಹಿಡಿದು, ಬೆನ್ನು ತಿರುಗಿಸಿ ಕೂತು ಒಂದೇ ವಾಲ್ವಿಗೆ ಎರಡು ಮಾತಾಡಿದ್ದರವರೆಗೆ ಎಲ್ಲವನ್ನೂ ಹೇಳಿದರು. ಈ ನಾಲ್ಕರಲ್ಲಿ ಅಮೆರಿಕದ್ದು ಎಷ್ಟು, ಬೇರೆಯದು ಎಷ್ಟು ಎಂದು ತಮಗೂ ಗೊತ್ತಿಲ್ಲ ಎಂದರು. ತಾಯಿಯ ಮುಂದೆ ಅಷ್ಟು ದೊಡ್ಡ ಮನುಷ್ಯ ಅಷ್ಟು ಚಿಕ್ಕದಾಗಿ ಕೂತದ್ದನ್ನು ನೋಡಬಾರದಿತ್ತು ಅನ್ನಿಸಿ ನಾನು ಕಿಟಕಿಯ ಕಡೆ ತಿರುಗಿದೆ.

“ಅಳಿಸಿದ್ದು ನಾನೇನಾ?” ಎಂದರು ಸುಶೀಲಮ್ಮ.

“ನಿಂಗೆ ಬೇಜಾರಾಗುತ್ತೆ ಅಂತ ಹೇಳ್ಲಿಲ್ಲ.”

“ಆಗ್ತಿತ್ತು. ಎರಡು ದಿನ ಅಳ್ತಿದ್ದೆ, ಆಮೇಲೆ ಸರಿಹೋಗ್ತಿದ್ದೆ.” ಅವರು ಡಬ್ಬಿ ತೆರೆದು ಒಂದು ವಾಲ್ವು ಹೊರತೆಗೆದರು. ತಾವೇ ಬರೆದ ಕಿರೀಟವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. “ಹಾಗಾದ್ರೆ ಓಡದೇ ಇದ್ದ ಹುಡುಗನ ಹೆಸರು ಬರೆದೆ ಅನ್ನು ನಾನು.”

ಭಾವ ಮುಖ ಮುಚ್ಚಿಕೊಂಡರು. ಹತ್ತಿರ ಹೋಗಲು ಹೊರಟ ಅಕ್ಕನನ್ನು ಸುಶೀಲಮ್ಮ ಕೈ ಎತ್ತಿ ತಡೆದರು. ಒಳಗೆ ಹೋಗಿ ಆ ಪಂಚೆ ತುಂಡನ್ನು ಒದ್ದೆ ಮಾಡಿಕೊಂಡು ಬಂದು ಮಗನ ತೊಡೆಯ ಮೇಲಿಟ್ಟು, ಬಣ್ಣದ ಜೊತೆಗೆ ತಂದಿದ್ದ ತಿನ್ನರಿನ ಸಣ್ಣ ಬಾಟಲಿಯನ್ನು ಪಕ್ಕದಲ್ಲಿಟ್ಟರು.

“ಈ ಸಲ ನೀನು ಒರೆಸು.”

ಭಾವ ಒಂದೊಂದನ್ನೇ ಒರೆಸಿದರು. ಹಳೆಯ ಶಾಯಿ ಒಂದೇ ಉಜ್ಜಿಗೆ ಹೋಗಿತ್ತಂತೆ, ಇದು ಬೇಗ ಹೋಗಲಿಲ್ಲ. ಅಮ್ಮನ ಅಕ್ಷರ ಮೊದಲು ಮಸುಕಾಗಿ, ಕಲಸಿ, ಬಟ್ಟೆಗೆ ಬಿಳಿಯಾಗಿ ಹತ್ತಿತು. ಅವರು ಕಣ್ಣೀರು ಒರೆಸಿಕೊಳ್ಳಲು ಕೈ ಎತ್ತಲಿಲ್ಲ, ತಿನ್ನರು ಕಣ್ಣಿಗೆ ಹೋಗುತ್ತದೆಂದೋ ಏನೋ. ಸುಶೀಲಮ್ಮ ಎದುರು ಕುರ್ಚಿಯಲ್ಲಿ ಕನ್ನಡಕ ಹಾಕಿಕೊಂಡು ಕೂತಿದ್ದರು. ಕೊನೆಯದನ್ನು ಮಗ ಕೆಳಗಿಟ್ಟಾಗ ಅದನ್ನು ಎತ್ತಿ ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡಿದರು.

“ಇಲ್ಲೊಂದು ಅಕ್ಷರದ ಕಾಲು ಉಳಿದಿದೆ” ಎಂದು ವಾಪಸು ಕೊಟ್ಟರು. “ಇದನ್ನೂ ಒರೆಸಿ, ನಾಳೆ ನಾಲ್ಕನ್ನೂ ತಗೊಂಡು ಅವರ ಅಂಗಡಿಗೆ ಹೋಗು. ನಾನೂ ಬರ್ತೀನಿ.”